ಮುಷ್ಟಿಯೊಳಗಿನ ಕಲ್ಲುಹೂವು

ಚನ್ನಕ್ಕನ ಮೂಗಿಗೆ ಘಾಟು ತಿಳಿಯುತ್ತಿತ್ತು, ಘಮ ತಿಳಿಯುತ್ತಿರಲಿಲ್ಲ. ಮೆಣಸಿನಕಾಯಿ ಹುರಿದರೆ ಎಲ್ಲರ ಹಾಗೆ ಅವಳಿಗೂ ಕೆಮ್ಮು ಬರುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆದರೆ ಘಾಟಿನ ಬೆನ್ನಿಗೇ ಬರಬೇಕಾದ ಆ ತುಸು ಸಿಹಿಯಾದ ವಾಸನೆ ಬಾರದೆ ಎರಡು ವರ್ಷವಾಗಿತ್ತು. ಬೇರೆ ಯಾರಿಗಾದರೂ ಇದು ಅಷ್ಟು ದೊಡ್ಡ ಮಾತಲ್ಲದಿರಬಹುದು. ಚನ್ನಕ್ಕ ಮಸಾಲೆ ಖಾರ ಮಾಡುವವಳು.

ಧಾರವಾಡ, ಹಾವೇರಿ, ಗದಗದ ಕಡೆಯ ಮನೆಗಳಲ್ಲಿ ಬೇಸಿಗೆ ಹತ್ತಿರ ಬಂತೆಂದರೆ ವರ್ಷಕ್ಕಾಗುವಷ್ಟು ಖಾರ ಮಾಡಿಟ್ಟುಕೊಳ್ಳುತ್ತಾರೆ. ಬ್ಯಾಡಗಿ ಮೆಣಸಿನಕಾಯಿಯನ್ನು ಬಿಸಿಲಿಗೆ ಹಾಕಿ, ಕೊತ್ತಂಬರಿ ಬೀಜ, ಜೀರಿಗೆ, ಲವಂಗ, ದಾಲ್ಚಿನ್ನಿ, ಒಣಕೊಬ್ಬರಿ, ಕಲ್ಲುಹೂವು ಎಲ್ಲವನ್ನೂ ಒಂದೊಂದಾಗಿ ಹುರಿದು, ಕುಟ್ಟಿಸಿ, ಭರಣಿಗೆ ತುಂಬುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿರುವ ಆ ಕಡೆಯ ಮಂದಿಗೆ ಅಷ್ಟೆಲ್ಲ ಹುರಿಯಲು ಜಾಗವಿಲ್ಲ. ಹುರಿದರೂ ಪಕ್ಕದ ಮನೆಯವರು ಕೆಮ್ಮುತ್ತ ಸೆಕ್ಯುರಿಟಿಗೆ ಫೋನ್ ಮಾಡುತ್ತಾರೆ. ಅಂಥವರಿಗೆಲ್ಲ ಚಿಕ್ಕಬಾಣಾವರದ ರೈಲ್ವೆ ಸ್ಟೇಷನ್ನಿನ ಹಿಂದಿರುವ ಒಂದು ತಾರಸಿಯೇ ಗತಿ. ಕೆಳಗೆ ಮನೆ ಮಾಲೀಕರು, ನಡುವಿನ ಮಹಡಿಯ ಎರಡು ಕೋಣೆಯಲ್ಲಿ ಚನ್ನಕ್ಕ ಮತ್ತು ಅವಳ ಗಂಡ ಈಶಪ್ಪ, ಮೇಲೆ ಚನ್ನಕ್ಕನ ಒಲೆ.

ಹುರಿಯುವ ಕೆಲಸಕ್ಕೆ ಗಡಿಯಾರವಿಲ್ಲ. ಬಣ್ಣವನ್ನು ಪೂರ್ತಿ ನಂಬುವ ಹಾಗಿಲ್ಲ. ಮೂಗು ಹೇಳಬೇಕು. ಸವಣೂರಿನಲ್ಲಿ ಅವಳ ಅವ್ವ ಬಾಣಲೆಯಿಂದ ಒಂದು ಚಿಟಿಕೆ ತೆಗೆದು, ಅಂಗೈಯಲ್ಲಿ ತಿಕ್ಕಿ, ಮುಷ್ಟಿ ಮಾಡಿ ಮಗಳ ಮೂಗಿಗೆ ಹಿಡಿಯುತ್ತಿದ್ದಳು. "ಸಾಕೋ, ಇನ್ನೊಂದೀಟ ಬೇಕೋ? ಹೇಳ ಚನ್ನಿ." ಚನ್ನಿ ತಪ್ಪು ಹೇಳಿದರೆ ಅದೇ ಮುಷ್ಟಿಯಿಂದ ತಲೆಗೊಂದು ಮೆಲ್ಲಗೆ ಬೀಳುತ್ತಿತ್ತು. ಕಲ್ಲುಹೂವು ಕಟ್ಟಕಡೆಗೆ. ನೋಡಲು ಬಂಡೆಯ ಮೇಲೆ ಒಣಗಿದ ಪಾಚಿ, ಯಾರೂ ಕೈಯಲ್ಲಿ ಎತ್ತಿಕೊಳ್ಳುವಂಥದ್ದಲ್ಲ. ಎಣ್ಣೆಗೆ ಬಿದ್ದ ಕೂಡಲೇ ಅದು ಬೇರೆಯೇ ಆಗುತ್ತಿತ್ತು. ಅವ್ವ ಹೋಗಿ ಎಷ್ಟೋ ಕಾಲವಾಯಿತು. ಆದರೂ ವರ್ಷಕ್ಕೊಮ್ಮೆ, ಕಲ್ಲುಹೂವು ತಿಕ್ಕಿದ ಮುಷ್ಟಿಯನ್ನು ತನ್ನ ಮೂಗಿಗೆ ತಾನೇ ಹಿಡಿದುಕೊಂಡಾಗ, ಆ ಕೈ ತನ್ನದಲ್ಲ ಎಂದು ಚನ್ನಕ್ಕನಿಗೆ ಅನಿಸುತ್ತಿತ್ತು. ಮೂಗು ಹೋದದ್ದರಿಂದ ಅವಳಿಗೆ ತಪ್ಪಿಹೋದದ್ದು ಅದು.

ಹೋದ ವರ್ಷ ಕಣ್ಣಂದಾಜಿನಲ್ಲೇ ಹುರಿದಳು. ಯಾರೂ ಏನೂ ಅನ್ನಲಿಲ್ಲ, ಮಾರತ್ತಹಳ್ಳಿಯ ನೀಲಾಂಬಿಕಾಳ ತಾಯಿ ಮಾತ್ರ ಫೋನಿನಲ್ಲಿ, "ಖಾರ ಛಲೋ ಐತ್ರಿ ಚನ್ನಕ್ಕಾರ, ಆದ್ರ ಮೈಯಾಗ ಆರಾಮ ಇದ್ದಿಲ್ಲೇನ ನಿಮಗ?" ಎಂದು ಕೇಳಿದ್ದರು.

ಆ ಮಾತು ಕೇಳಿದ್ದ ನೀಲಾಂಬಿಕಾ ಈ ವರ್ಷ ಸಂಕ್ರಾಂತಿಯ ಹೊತ್ತಿಗೆ ಬಂದಳು. ಗದಗದ ಹುಡುಗಿ, ಎಲೆಕ್ಟ್ರಾನಿಕ್ ಸಿಟಿಯ ಒಂದು ಲ್ಯಾಬಿನಲ್ಲಿ ಅಲರ್ಜಿಯ ಮೇಲೆ ಕೆಲಸ. ಚನ್ನಕ್ಕ ಮೂಗು ಕಟ್ಟಿದ ದನಿಯಲ್ಲಿ ಮಾತಾಡುವುದನ್ನು ಕೇಳಿ, ತಾನೇ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಮೂಗಿನೊಳಗೆ ಸಣ್ಣ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ಒಳಗೆ ಬಿಳಿಚಿದ ದ್ರಾಕ್ಷಿಯಂಥ ಗುಳ್ಳೆಗಳು ಗೊನೆ ಬಿಟ್ಟಿದ್ದವು.

"ಖಾರ ಹುರದು ಹುರದು ಹಿಂಗಾತೇನವ್ವ?" ಎಂದಳು ಚನ್ನಕ್ಕ, ಹೊರಗೆ ಬೆಂಚಿನ ಮೇಲೆ ಕೂತು.

"ಖಾರದ್ದೇನೂ ತಪ್ಪಿಲ್ರಿ. ನಿಮ್ಮ ರಕ್ತದಾಗ ಬಿಳಿ ಕಣ ಅದಾವ ನೋಡ್ರಿ, ಅವು ನಮ್ಮ ಕಾವಲ ಮಂದಿ. ಅವಕ್ಕ ಬಾಯಿಲ್ಲ. ಅದಕ್ಕ ಸಣ್ಣ ಸಣ್ಣ ಪ್ರೋಟೀನ್ ತಯಾರ ಮಾಡಿ ಹೊರಗ ಬಿಡತಾವ. ಆ ಪ್ರೋಟೀನೇ ಸುದ್ದಿ. ಒಂದು ಬಿಟ್ಟ ಸುದ್ದಿ ಇನ್ನೊಂದಕ್ಕ ಮುಟ್ಟಿತಂದ್ರ ಅದು ಓಡಿ ಬರತೈತಿ."

"ಬರಲಿ ಬಿಡು. ಕಾವಲದವ್ರು ಬಂದ್ರ ಛಲೋನ ಅಲ್ಲೇನು?"

"ಕಳ್ಳ ಇದ್ದಾಗ ಬಂದ್ರ ಛಲೋ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಾಗ ಒಬ್ಬಾಕಿ ಪಾರ್ಕಿಂಗಿನಾಗ ಹಾವು ಅಂತ ಹಾಕಿದ್ಲು. ನೋಡಿದ್ರ ಗಿಡಕ್ಕ ನೀರ ಬಿಡೂ ಪೈಪು. ಅಷ್ಟರಾಗ ಇಡೀ ಬಿಲ್ಡಿಂಗ್ ಬಡಿಗಿ ತಗೊಂಡ ಕೆಳಗ ಬಂದಿತ್ತು."

"ಬಂದವ್ರು ಪೈಪ ನೋಡಿ ಹೊಳ್ಳಿ ಹೋದ್ರಿಲ್ಲ?"

"ಎಲ್ಲಿ ಹೋಗತಾರ್ರಿ. ಅಲ್ಲೇ ನಿಂತು ಜಗಳ ಮಾಡಿದ್ರು, ಹೂವಿನ ಕುಂಡ ಒಡದ್ರು, ಗೇಟ್ ಮುಂದ ಗಾಡಿ ಹೋಗಲಾರದಂಗ ಗರ್ದಿ. ನಿಮ್ಮ ಮೂಗಿನಾಗ ಆಗಿದ್ದೂ ಅದ."

ಚನ್ನಕ್ಕ ನಕ್ಕಳು. "ನನ್ನ ಮೂಗಿನಾಗ ಪೈಪ ಯಾವುದು?"

"ಹಾಸಿಗಿ ಧೂಳಿನಾಗ ಇರೂ ಹುಳ. ಕಣ್ಣಿಗೆ ಕಾಣಂಗಿಲ್ಲ, ಕಡಿಯಂಗಿಲ್ಲ. ಆದ್ರ ನಿಮ್ಮ ಕಣಗೋಳಿಗೆ ಅದು ಹಾವಿನಂಗ ಕಾಣತೈತಿ. ಸುದ್ದಿ ಬಿಡತಾವ. ಇಂಟರ್‌ಲ್ಯೂಕಿನ್ ಅಂತ ಅದರ ಹೆಸರು. ನಾಲ್ಕು, ಐದು, ಹದಿಮೂರು ಅಂತ ಅವಕ್ಕ ನಂಬರ್ ಅದಾವ."

"ಬಸ್ಸಿಗೆ ಇದ್ದಂಗ."

"ಹೂಂ, ಬಸ್ಸಿಗೆ ಇದ್ದಂಗ. ಐದನೇದು ಹೋಗಿ ಎಲುಬಿನೊಳಗ ಹುಟ್ಟೂ ಒಂದು ಜಾತಿ ಕಣಗೋಳನ್ನ ಕರಕೊಂಡ ಬರತೈತಿ. ಹದಿಮೂರನೇದು ಸಿಂಬಳ ಹೆಚ್ಚು ಮಾಡತೈತಿ. ಬಂದ ಮಂದಿ ಎಲ್ಲಾ ಮೂಗಿನಾಗ ಠಿಕಾಣಿ ಹೂಡಿ ಊದಿಸಿ ಇಟ್ಟಾವ. ವಾಸನಿ ಒಳಗ ಹೋಗೂ ದಾರೀನ ಬಂದ್ ಆಗೈತಿ."

ಈ ಸುದ್ದಿಯನ್ನು ಕಣಗಳ ಕಿವಿಗೆ ಬೀಳದಂತೆ ತಡೆಯುವ ಒಂದು ಇಂಜೆಕ್ಷನ್ ಇದೆ, ಅದೇ ಡಾಕ್ಟರು ಕೆಲವರಿಗೆ ಕೊಟ್ಟು ನೋಡುವವರಿದ್ದಾರೆ, ಯಾರ ಕಣಗಳು ನಿಜವಾಗಿ ಕೂಗಾಡುತ್ತಿವೆಯೋ ಅವರನ್ನು ಆರಿಸುತ್ತಾರೆ ಎಂದು ನೀಲಾಂಬಿಕಾ ಹೇಳಿದಳು. ಆರಿಸುವುದಕ್ಕೆ ರಕ್ತ ಬೇಕು. ರಕ್ತದಿಂದ ಬಿಳಿ ಕಣ ಬೇರೆ ಮಾಡಿ, ಅವುಗಳ ಮುಂದೆ ಧೂಳುಹುಳದ ಸತ್ವ ಇಟ್ಟು, ಎಷ್ಟು ಸುದ್ದಿ ಬಿಡುತ್ತವೆ ಎಂದು ಅಳೆಯುವುದು ಅವಳ ಕೆಲಸ.

"ಒಂದ ಮಾತು. ಮೊದಲ ಯಾರೋ ಕೊಟ್ಟಿದ್ರಲ್ಲ, ಆ ಗುಳಿಗಿ ರಕ್ತ ಕೊಡೂ ಮುಂಚೆ ಒಂದು ತಿಂಗಳ ಮುಟ್ಟಬಾರದು."

ಆ ಗುಳಿಗೆ ಚನ್ನಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಶ್ರಾವಣದಲ್ಲಿ ಉಬ್ಬಸ ಬಂದಾಗ ಇಲ್ಲಿನ ಕ್ಲಿನಿಕ್ಕಿನವರು ಕೊಟ್ಟಿದ್ದರು. ಉಬ್ಬಸ ಇಳಿಯಿತು, ಜೊತೆಗೆ ವಾಸನೆಯೂ ವಾರದ ಮಟ್ಟಿಗೆ ಬಂದು ಹೋಯಿತು. ಬಂದಾಗ ಮನೆಯಲ್ಲಿ ಕಲ್ಲುಹೂವು ಇರಲಿಲ್ಲ. ತರಿಸೋಣ ಎನ್ನುವಷ್ಟರಲ್ಲಿ ಮೂಗು ಮತ್ತೆ ಮುಚ್ಚಿತ್ತು.

"ಅದು ಕಣಗೋಳ ಬಾಯಿ ಮುಚ್ಚಸ್ತೈತ್ರಿ," ಎಂದಳು ನೀಲಾಂಬಿಕಾ. "ದಿನಾ ತಗೊಂಡ್ರ ಎಲುಬು ಸವೀತಾವ, ಸಕ್ರಿ ಕಾಯಿಲೆ ಬರತೈತಿ. ಒಂದೆರಡ ದಿನ ತಗೊಂಡ್ರೂ ಕಣ ಮಾತಾಡಂಗಿಲ್ಲ. ಮಾತಾಡಲಿಲ್ಲಂದ್ರ ನಾ ಏನ ಕೇಳಿಸಿಕೊಳ್ಳಲಿ?"

ರಕ್ತ ಕೊಡುವ ದಿನ ಗೊತ್ತಾಯಿತು. ಅದಕ್ಕೂ ಒಂದು ವಾರ ಮುಂಚೆ ಖಾರ ಹುರಿಯುವ ದಿನ ಬಿದ್ದಿತ್ತು. ಮೆಣಸಿನಕಾಯಿ ಆಗಲೇ ಬಿಸಿಲಿಗೆ ಬಂದಾಗಿತ್ತು. ಉಳಿದ ಗುಳಿಗೆಯನ್ನು ಚನ್ನಕ್ಕ ಆವತ್ತೇ ಮೆಡಿಕಲ್ ಶಾಪಿಗೆ ಹಿಂತಿರುಗಿಸಿದಳು. ಅದನ್ನು ನುಂಗಿದರೆ ಹುರಿಯುವ ದಿನ ಮೂಗು ತೆರೆದೀತು, ಆದರೆ ಈ ಒಂದು ಸಲ ತಡೆದುಕೊಂಡರೆ ಮುಂದಿನ ಎಲ್ಲ ಸಲವೂ ತನ್ನದೇ ಎಂದು ಲೆಕ್ಕ ಹಾಕಿದಳು. ಮೂಗಿನ ಕೆಲಸಕ್ಕೆ ಕೆಳಮನೆಯ ಸೊಸೆ ಯಮುನಾಳನ್ನು ಒಪ್ಪಿಸಿದಳು. ತುಮಕೂರಿನ ಹುಡುಗಿ, ಬಾಯಿ ಜೋರು.

"ನಂಗೆ ಹುಳಿಪುಡಿ ವಾಸನೆ ಬಿಟ್ರೆ ಬೇರೆ ಗೊತ್ತಾಗಲ್ಲ ಕಣಕ್ಕ," ಎಂದಳು ಯಮುನಾ. "ನಿಮ್ಮ ಆಂಟಿಯರೆಲ್ಲ ಆಮೇಲೆ ನನ್ನನ್ನ ಬೈಕೊಂಡು ಊಟ ಮಾಡ್ತಾರೆ."

"ಬೈಲಿ ಬಿಡು. ಊಟ ಅಂತೂ ಮಾಡತಾರಲ್ಲ."

ಶಿವರಾತ್ರಿಯ ಸಂಜೆ ಈಶಪ್ಪ ಪೀಣ್ಯದಿಂದ ಬರುವಾಗ ಒಂದು ಪೊಟ್ಟಣ ತಂದ. ಅವನು ಅಲ್ಲಿ ಲೇತ್ ಮೆಷಿನ್ ಮೇಲೆ ಕೆಲಸ ಮಾಡುವವನು, ಮಾತು ಕಡಿಮೆ. ಅವನ ಜೊತೆಗಾರನೊಬ್ಬನ ಹಳೆಯ ನೆಗಡಿ ಯಾವುದೋ ನಾಟಿ ಔಷಧದ ಅಜ್ಜನ ಪುಡಿಯಿಂದ ವಾಸಿಯಾಗಿತ್ತಂತೆ.

"ಬೇರಿನ ಪುಡಿ," ಎಂದ ಈಶಪ್ಪ. "ಬೆಳಿಗ್ಗೆ ಖಾಲಿ ಹೊಟ್ಟಿಲೆ ಒಂದ ಚಿಟಿಗಿ ಜೇನತುಪ್ಪದಾಗ. ಉಪವಾಸ ಬಿಟ್ಟ ಮರುದಿನದಿಂದ ಸುರು ಮಾಡಬೇಕಂತ."

"ನೀಲವ್ವ ಗುಳಿಗಿ ಬ್ಯಾಡ ಅಂದಾಳ್ರಿ."

"ಗುಳಿಗಿ ಎಲ್ಲೈತಿ ಇದರಾಗ? ಬೇರು ಅದು. ನಿಮ್ಮವ್ವ ಶುಂಠಿ ಕಷಾಯ ಕೊಡತಿದ್ಲಲ್ಲ, ಹಂಗ."

ಅದೂ ನಿಜವೆನಿಸಿತು. ಗುಳಿಗೆ ಬೇಡ ಎಂದಿದ್ದರು, ಆಮೇಲೆ ಡಾಕ್ಟರು ಟಾನಿಕ್ ಬೇಡ, ಮೂಗಿಗೆ ಬಿಡುವ ಹನಿ ಬೇಡ ಎಂದಿದ್ದರು. ಬೇರು ಬೇಡ ಎಂದು ಯಾರೂ ಹೇಳಿರಲಿಲ್ಲ. ಕಷಾಯ, ಓಂಕಾಳು, ಬೇರು ಇವನ್ನೆಲ್ಲ ಔಷಧದ ಪಟ್ಟಿಗೆ ಸೇರಿಸುವ ರೂಢಿ ಅವರ ಮನೆಯಲ್ಲಿರಲಿಲ್ಲ. ಚನ್ನಕ್ಕ ಮರುದಿನ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಸಿ, ಒಂದು ಚಿಟಿಕೆ ನೆಕ್ಕಿದಳು.

ನಾಲ್ಕೈದು ದಿನವಾಗಿರಬೇಕು. ಈಶಪ್ಪ ಕೆಲಸದಿಂದ ಬಂದು ಯೂನಿಫಾರ್ಮ್ ಅಂಗಿ ಕಳಚಿ ಗೂಟಕ್ಕೆ ಹಾಕಿದ. ರೊಟ್ಟಿ ಬಡಿಯುತ್ತಿದ್ದ ಚನ್ನಕ್ಕನ ಕೈ ನಿಂತಿತು.

"ರೀ. ಏನ ನಾರತೀರಿ ನೀವು."

ಈಶಪ್ಪ ಗಾಬರಿಯಾಗಿ ತನ್ನ ಕಂಕುಳನ್ನೇ ಮೂಸಿಕೊಂಡ. ಆಮೇಲೆ ಅವನಿಗೆ ಹೊಳೆಯಿತು. ಚನ್ನಕ್ಕ ಎದ್ದು ಬಂದು, ಹಿಟ್ಟಿನ ಕೈಯನ್ನು ಹಿಂದಕ್ಕೆ ಹಿಡಿದು, ಗೂಟದ ಅಂಗಿಗೆ ಮುಖ ಒತ್ತಿದಳು. ಮೆಷಿನ್ನಿಗೆ ಹಾಕುವ ಎಣ್ಣೆ, ಕಬ್ಬಿಣದ ಚೂರು, ಬೆವರು. ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ. ಹೆಂಚಿನ ಮೇಲಿದ್ದ ರೊಟ್ಟಿ ಸೀದಿತು. ಅದರ ವಾಸನೆಯೂ ಬಂತು. ಇಬ್ಬರೂ ಆ ಸೀದ ರೊಟ್ಟಿಯನ್ನೇ ಹಂಚಿಕೊಂಡು ತಿಂದರು.

ಖಾರದ ದಿನ ಯಮುನಾ ತಲೆಗೆ ಟವೆಲ್ ಸುತ್ತಿಕೊಂಡು, ಯುದ್ಧಕ್ಕೆ ಹೊರಟವಳ ಹಾಗೆ ತಾರಸಿಗೆ ಬಂದರೆ, ಚನ್ನಕ್ಕ ಆಗಲೇ ಒಲೆಯ ಮುಂದೆ ಕೂತು ಜೀರಿಗೆ ಇಳಿಸುತ್ತಿದ್ದಳು.

"ಮೂಗು ಬಾ ಮೂಗು ಬಾ ಅಂತ ಕರೆದು, ಈಗ ಮೂಗಿಗೇ ರಜಾ ಕೊಟ್ಟುಬಿಟ್ರಾ?"

"ನಿನ್ನ ಮೂಗ ಇರಲಿ ಬಾ. ಕಲಿ."

ಅವತ್ತು ಅವಳು ಯಾವುದನ್ನೂ ಅವಸರ ಮಾಡಲಿಲ್ಲ. ಲವಂಗ ಉಬ್ಬುವಾಗ, ಕೊಬ್ಬರಿ ಕೆಂಪಾಗುವಾಗ, ಈರುಳ್ಳಿ ಗರಿಗರಿಯಾಗುವಾಗ ಪ್ರತಿಯೊಂದನ್ನೂ ಮುಷ್ಟಿಯಲ್ಲಿ ತಿಕ್ಕಿ, ತಾನು ಮೂಸಿ, ಯಮುನಾಳ ಮೂಗಿಗೂ ಹಿಡಿದಳು. ಕೆಳಗೆ ರೈಲು ಹೋಯಿತು. ಕಡೆಗೆ ಕಲ್ಲುಹೂವನ್ನು ಎಣ್ಣೆಗೆ ಬಿಟ್ಟಳು. ಮುಷ್ಟಿ ಮೂಗಿಗೆ ಹಿಡಿದು ಕಣ್ಣು ಮುಚ್ಚಿದವಳು ಎಷ್ಟು ಹೊತ್ತಾದರೂ ತೆರೆಯಲಿಲ್ಲ.

"ಅಕ್ಕ, ಸೀದೋಗತ್ತೆ," ಎಂದಳು ಯಮುನಾ ಮೆಲ್ಲಗೆ, ಬಾಣಲೆಯನ್ನು ತಾನೇ ಇಳಿಸಿ.

"ಹೌದು," ಎಂದಳು ಚನ್ನಕ್ಕ, ಕಣ್ಣು ಮುಚ್ಚಿಕೊಂಡೇ. "ಆಕಿನೂ ಹಿಂಗ ಬೈತಿದ್ಲು."

ರಕ್ತ ಕೊಡುವ ದಿನ ಅವಳು ನಾಗಸಂದ್ರದಿಂದ ಮೆಟ್ರೋ ಹತ್ತಿದಳು. ಕೈಯಲ್ಲಿ ನೀಲಾಂಬಿಕಾಳ ಮನೆಯ ಖಾರದ ಡಬ್ಬಿ. ಮುಂದೆ ನಿಂತ ಹೆಂಗಸಿನ ಮುಡಿಯ ಮಲ್ಲಿಗೆ, ಯಾರದೋ ಡಬ್ಬಿಯ ಚಿತ್ರಾನ್ನ, ಹೊಸ ಬೂಟು, ಎದುರಿನ ಹುಡುಗ ಮೈತುಂಬ ಹೊಡೆದುಕೊಂಡಿದ್ದ ಸೆಂಟು. ಆರ್.ವಿ. ರಸ್ತೆಯಲ್ಲಿ ಇಳಿದು ಹಳದಿ ಮಾರ್ಗದ ರೈಲು ಹಿಡಿಯುವಾಗಲೂ ಅವಳು ಜನರನ್ನು ನೋಡುತ್ತಿರಲಿಲ್ಲ, ಮೂಸುತ್ತಿದ್ದಳು. ಇದನ್ನೆಲ್ಲ ನೀಲವ್ವನಿಗೆ ಹೇಳಬೇಕು, ಇಂಜೆಕ್ಷನ್ನಿಗೆ ಮುಂಚೆಯೇ ಇಷ್ಟು ಬಂತು, ಇನ್ನು ಇಂಜೆಕ್ಷನ್ ಕೊಟ್ಟರೆ ಹೇಗೋ ಎಂದುಕೊಂಡಳು.

ಲ್ಯಾಬಿನಲ್ಲಿ ನೀಲಾಂಬಿಕಾ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದಳು. ಚನ್ನಕ್ಕ ಇನ್ನೊಂದು ಕೈಯಿಂದ ಡಬ್ಬಿ ತೆರೆದು, ಒಂದು ಚಿಟಿಕೆ ತಿಕ್ಕಿ, ಮುಷ್ಟಿಯನ್ನು ಅವಳ ಮೂಗಿಗೆ ಹಿಡಿದಳು.

"ಮೂಸವ್ವ. ಹೋದ ವರ್ಷದ್ದಲ್ಲ ಇದು. ಈ ಸಲ ನಾನ ಮೂಸಿ ಮೂಸಿ ಹುರದೇನಿ."

ನೀಲಾಂಬಿಕಾ ಮೂಸಿದಳು. ಅವಳ ಮುಖ ಒಂದು ಕ್ಷಣ ಅರಳಿತು. ಮರುಕ್ಷಣ ಸೂಜಿ ಹಿಡಿದ ಕೈ ನಿಂತಿತು.

"ನಿಮಗ ವಾಸನಿ ಬರಾಕತ್ತೈತೇನ್ರಿ?"

"ಬಂತವ್ವ. ದೇವರು ಕಣ್ಣು ಬಿಟ್ಟ."

"ಗುಳಿಗಿ ತಗೊಂಡ್ರೇನ ಅಕ್ಕಾರ?" ಬೈಗುಳವಿರಲಿಲ್ಲ ಆ ದನಿಯಲ್ಲಿ. ಅದಕ್ಕೇ ಚನ್ನಕ್ಕನಿಗೆ ಹೆದರಿಕೆಯಾಯಿತು.

"ನನ್ನಾಣಿ ಇಲ್ಲ. ಬೇರಿನ ಪುಡಿ ಅಷ್ಟ, ಜೇನತುಪ್ಪದಾಗ."

ಪೊಟ್ಟಣ ಅವಳ ಚೀಲದಲ್ಲೇ ಇತ್ತು. ಗುಣ ಕಂಡ ಔಷಧವನ್ನು ನೀಲವ್ವನಿಗೂ ತೋರಿಸೋಣವೆಂದು ತಂದಿದ್ದಳು. ನೀಲಾಂಬಿಕಾ ಸ್ವಲ್ಪ ಪುಡಿ ತೆಗೆದಿಟ್ಟುಕೊಂಡಳು. ಆಮೇಲೆ ರಕ್ತವನ್ನೂ ತೆಗೆದಳು. "ನೋಡೂಣು," ಎಂದಳು ಅಷ್ಟೇ.

ಮೂರು ದಿನದ ನಂತರ ಅವಳ ವಿಡಿಯೋ ಕಾಲ್ ಬಂತು. ಚನ್ನಕ್ಕ, ಈಶಪ್ಪ ಇಬ್ಬರೂ ಫೋನಿಗೆ ತಲೆ ಒಡ್ಡಿದರು. ನೀಲಾಂಬಿಕಾ ಸಣ್ಣ ಸಣ್ಣ ಗುಳಿಗಳಿದ್ದ ಒಂದು ಪ್ಲಾಸ್ಟಿಕ್ ತಟ್ಟೆಯನ್ನು ಹಿಡಿದು ತೋರಿಸಿದಳು. ಗುಳಿಗಳಲ್ಲಿ ನೀರಿತ್ತು. ಕೆಲವು ಅರಿಶಿನ ಕಲಸಿದಷ್ಟು ಹಳದಿ.

"ಹಳದಿ ಎಷ್ಟು ಗಾಢ ಐತಿ ಅಷ್ಟು ಸುದ್ದಿ ಬಿಟ್ಟಾವ ಅಂತ ಅರ್ಥ. ಇವು ಬ್ಯಾರೇದವ್ರವು. ಈ ಸಾಲು ನಿಮ್ಮದು."

ಆ ಸಾಲಿನಲ್ಲಿ ಬರಿಯ ನೀರಿದ್ದಂತಿತ್ತು.

"ಪಾಪ, ಸುಮ್ಮನ ಕುಂತಾವ," ಎಂದಳು ಚನ್ನಕ್ಕ.

"ಇನ್ನೊಂದ ನೋಡ್ರಿ. ಇದು ಬ್ಯಾರೆ ಒಬ್ಬರ ಕಣ, ಭಾಳ ಕೂಗೂವು. ಅವಕ್ಕ ನಿಮ್ಮ ಪುಡಿ ನೀರಿನಾಗ ಕಲಸಿ ಒಂದ ಹನಿ ಬಿಟ್ಟೆ." ಆ ಗುಳಿಯೂ ನೀರಿನ ಬಣ್ಣಕ್ಕಿತ್ತು. "ಬರೇ ಬೇರು ಈ ಕೆಲಸ ಮಾಡಂಗಿಲ್ರಿ. ಅದೇ ಗುಳಿಗೀನ ಅರದು ಬೇರಿನ ಪುಡಿಯಾಗ ಕಲಸ್ಯಾರ ಅಂತ ಕಾಣತೈತಿ. ಡಾಕ್ಟರಿಗೆ ತೋರಿಸೇನಿ. ಸ್ವಲ್ಪ ದಿನ ತಗೊಂಡೀರಿ, ಬಿಟ್ರ ಏನೂ ಆಗಂಗಿಲ್ಲ, ಆದ್ರ ಇವತ್ತ ಬಿಡ್ರಿ ಅಂದಾರ."

"ಹಂಗಾರ ಇಂಜೆಕ್ಷನ್ನಿಗೆ ನನ್ನ ಹೆಸರು?"

"ಇದರ ಮ್ಯಾಲೆ ನಿಮ್ಮನ್ನ ಆರಿಸಾಕ ಬರಂಗಿಲ್ಲ. ಆದ್ರ ಇನ್ನೊಂದ ಸಲ ರಕ್ತ ತಗೊಳ್ಳಾಕ ಡಾಕ್ಟರು ಒಪ್ಯಾರ. ವಾಸನಿ ಪೂರ್ತಿ ಹೋಗಲಿ. ಹೋದ ದಿನ ನನಗ ಫೋನ್ ಮಾಡ್ರಿ. ಅಲ್ಲಿಂದ ಒಂದು ತಿಂಗಳ ಹಿಡಿಯೂಣು."

ಫೋನ್ ಇಟ್ಟ ಮೇಲೆ ಈಶಪ್ಪ ಪೊಟ್ಟಣವನ್ನು ತಂದು ಮುಂದಿಟ್ಟ. "ನಾ ತಂದು ಕೊಟ್ಟೆ," ಎಂದ. "ಛಲೋ ಆಗಲಿ ಅಂತ ವಿಷ ತಂದು ಕೊಟ್ಟೆ."

"ವಿಷ ಯಾಕ ಅಂತೀರಿ. ನಮ್ಮವ್ವನ್ನ ಕರಕೊಂಡ ಬಂದ್ರಿ."

ಪೊಟ್ಟಣದಲ್ಲಿ ಇನ್ನೂ ಅರ್ಧದಷ್ಟು ಪುಡಿ ಉಳಿದಿತ್ತು. ಚನ್ನಕ್ಕ ಅದನ್ನು ಕೈಯಲ್ಲಿ ಹಿಡಿದು ಒಮ್ಮೆ ತೂಗಿ ನೋಡಿದಳು. ಚಿಟಿಕೆ ಚಿಟಿಕೆಯಾಗಿ ತೆಗೆದುಕೊಂಡರೆ ಯುಗಾದಿಯ ಬೇವಿನ ಹೂವಿನ ವಾಸನೆ ಸಿಕ್ಕೀತು, ಮೊದಲ ಮಾವಿನಕಾಯಿಯದೂ ಸಿಕ್ಕೀತು. ಆಮೇಲೆ ಇಲ್ಲ. ಪೊಟ್ಟಣಕ್ಕೆ ದಾರ ಬಿಗಿದು ಗಂಡನ ಕೈಗೆ ಕೊಟ್ಟಳು.

"ಪೀಣ್ಯಕ್ಕ ಹೋಗುವಾಗ ಒಯ್ರಿ. ಎಲ್ಲಿ ಒಗದ್ರಿ ಅಂತ ನನಗ ಹೇಳಬ್ಯಾಡ್ರಿ."

ಅಲ್ಲಿಂದ ಮುಂದೆ ಪ್ರತಿ ಬೆಳಿಗ್ಗೆ ಅವಳು ತನ್ನ ಮನೆಯ ಖಾರದ ಭರಣಿ ತೆರೆದು ಮುಷ್ಟಿ ಮೂಗಿಗೆ ಹಿಡಿಯತೊಡಗಿದಳು. ಮದುವೆಯಾದ ಮಗಳನ್ನು ಬಸ್ಸಿಗೆ ಹತ್ತಿಸಲು ಬಂದವರು, ಬಸ್ಸು ಹೊರಟ ಮೇಲೂ ಕಿಟಕಿ ಹಿಡಿದುಕೊಂಡು ನಾಲ್ಕು ಹೆಜ್ಜೆ ನಡೆಯುತ್ತಾರಲ್ಲ, ಹಾಗೆ. ಮೊದಲು ಕಲ್ಲುಹೂವೇ ಹೋಯಿತು. ಬೇರೆ ಯಾವುದಾದರೂ ಮೊದಲು ಹೋಗಬಾರದಿತ್ತೇ ಎಂದು ಅವಳಿಗೆ ಸಿಟ್ಟು ಬಂತು. ಆಮೇಲೆ ಕೊಬ್ಬರಿ, ಆಮೇಲೆ ದಾಲ್ಚಿನ್ನಿ. ಲವಂಗ ಒಂದೆರಡು ದಿನ ಹಟ ಹಿಡಿದು ನಿಂತಿತು. ಒಂದು ಸಂಜೆ ಈಶಪ್ಪ ಬಂದು ಅಂಗಿಯನ್ನು ಗೂಟಕ್ಕೆ ಹಾಕಿದ. ಚನ್ನಕ್ಕ ತಲೆ ಎತ್ತದೆ ರೊಟ್ಟಿ ಬಡಿಯುತ್ತಲೇ ಇದ್ದಳು. ಅವನು ಅಂಗಿಯನ್ನು ತೆಗೆದು ಅವಳ ಹತ್ತಿರ ತಂದು ಹಿಡಿದ. ಅವಳು ಇಲ್ಲವೆಂದು ತಲೆಯಾಡಿಸಿದಳು.

ಅಲ್ಲೇ ಕೂತು ನೀಲಾಂಬಿಕಾಗೆ ಫೋನ್ ಮಾಡಿದಳು.

"ನೀಲವ್ವ, ನನ್ನ ಕಾವಲದವ್ರು ಹೊಳ್ಳಿ ಬಂದ್ರು ನೋಡವ್ವ. ಮಾತಾಡಾಕ ಸುರು ಮಾಡ್ಯಾರ."

"ಹೋತೇನ್ರಿ ವಾಸನಿ?"

"ಹೋತು."

"ಇವತ್ತಿಂದ ಹಿಡೀತೀನಿ ಅಕ್ಕಾರ," ಎಂದಳು ನೀಲಾಂಬಿಕಾ. "ಈ ಸಲ ಶುಂಠಿ ಕಷಾಯ ಕುಡದ್ರೂ ನನ್ನ ಕೇಳಿ ಕುಡೀರಿ."

ಮರುದಿನ ಬೆಳಿಗ್ಗೆ ಯಮುನಾ ಒಂದಿಷ್ಟು ಖಾರ ಕೇಳಿಕೊಂಡು ಮೇಲೆ ಬಂದಳು. ಅವಳ ಮನೆಯಲ್ಲಿ ಈಗ ಸಾರಿಗೂ ಅದೇ ಬೇಕಂತೆ. ಚನ್ನಕ್ಕ ಭರಣಿಯಿಂದ ತುಂಬಿಕೊಟ್ಟಳು. ಆಮೇಲೆ ಇನ್ನೊಂದು ಡಬ್ಬದ ತಳದಲ್ಲಿ ಕುಟ್ಟಿಸದೆ ಉಳಿದಿದ್ದ, ಹುರಿದ ಕಲ್ಲುಹೂವಿನ ಒಂದು ಚೂರನ್ನು ತೆಗೆದು, ತಿಕ್ಕಿ, ಮುಷ್ಟಿಯನ್ನು ಅವಳ ಮೂಗಿಗೆ ಹಿಡಿದಳು.

"ಹೇಳು. ಹೆಂಗೈತಿ?"

ಯಮುನಾ ಹುಬ್ಬು ಗಂಟಿಕ್ಕಿಕೊಂಡು ಮೂಸಿದಳು. "ಹೆಂಗ್ ಹೇಳ್ಲಿ ಅಕ್ಕ. ಮಳೆಲಿ ನೆಂದಿರೋ ಕಟ್ಟಿಗೆ ಇರತ್ತಲ್ಲ, ಅದನ್ನ ಯಾರೋ ಒಲೆ ಪಕ್ಕ ಒಣಗಾಕಿದ್ರೆ ಬರತ್ತಲ್ಲ, ಆ ಥರ. ಅದ್ರಲ್ಲಿ ಒಂಚೂರು ಎಣ್ಣೆ. ಯಾರ್ದೋ ಸೀರೆ ಸೆರಗು ಮುಖಕ್ಕೆ ತಗುಲ್ದಂಗೆ. ಅಯ್ಯೋ ನಂಗೆ ಬರಲ್ಲ ಕಣಕ್ಕ ಇವೆಲ್ಲ ಹೇಳಕ್ಕೆ."

ಚನ್ನಕ್ಕ ಮುಷ್ಟಿ ತೆಗೆಯಲಿಲ್ಲ.

"ಬರತೈತಿ ನಿನಗ," ಎಂದಳು. "ಆ ಸೆರಗಿಂದು ಇನ್ನೊಮ್ಮೆ ಹೇಳು."